ಬಲಿ ಕೇಳುವ ದೇವರುಗಳು

ಮಂಡ್ಯ ಸೀಮೆಯಲ್ಲಿ ಆಲೆಮನೆ ಎಂದರೆ ಗಾಣ, ಕುದಿಯುವ ಕೊಪ್ಪರಿಗೆ, ಬಿಸಿಲಿಗೆ ಹರಡಿದ ಕಬ್ಬಿನ ಸಿಪ್ಪೆ, ದೂರದಿಂದಲೇ ಮೂಗಿಗೆ ಬಡಿಯುವ ಬೆಲ್ಲದ ವಾಸನೆ. 2023ರ ನವೆಂಬರ್‌ನಲ್ಲಿ ಅಂಥ ಒಂದು ಆಲೆಮನೆಯ ಸುದ್ದಿ ರಾಜ್ಯದ ಪತ್ರಿಕೆಗಳ ಮುಖಪುಟಕ್ಕೆ ಬಂತು. ಬೆಂಗಳೂರು ಪೊಲೀಸರು ಹಿಡಿದ ಜಾಲವೊಂದರ ಜಾಡು ಅಲ್ಲಿಗೆ ಹೋಗಿ ನಿಂತಿತ್ತು. ಗರ್ಭಿಣಿಯರನ್ನು ಕರೆತಂದು ಸ್ಕ್ಯಾನಿಂಗ್ ಮಾಡುತ್ತಿದ್ದದ್ದು ಆ ಆಲೆಮನೆಯಲ್ಲಿ. ಹೆಣ್ಣು ಎಂದು ಗೊತ್ತಾದರೆ ಮುಂದಿನ ಏರ್ಪಾಡು ಬೇರೆ ಊರಿನಲ್ಲಿ. ಮೂರು ವರ್ಷಗಳಲ್ಲಿ 900ರಷ್ಟು ಗರ್ಭಪಾತಗಳು ನಡೆದಿರಬಹುದೆಂಬ ಅಂದಾಜು ತನಿಖೆಯಿಂದ ಹೊರಬಿತ್ತು. ಮರುವರ್ಷ ಪಾಂಡವಪುರದಲ್ಲೂ ಇಂಥದೇ ಪ್ರಕರಣ ಬಯಲಾಯಿತು.

ಅಲ್ಲಿಗೆ ಹೋದ ಕುಟುಂಬಗಳು ಯಾವ ಜಾತಿಯವು, ಯಾವ ಧರ್ಮದವು ಎಂಬುದು ನಮಗೆ ಬೇಡ. ಅದನ್ನು ಕೆದಕಲು ಹೊರಟ ಕ್ಷಣವೇ ಕ್ರೈಸ್ತನು ಯೇಸು ಹೇಳಿದ ಸಾಮತಿಯ ಪರಿಸಾಯನ ಜಾಗದಲ್ಲಿ ನಿಂತು ಪ್ರಾರ್ಥಿಸತೊಡಗುತ್ತಾನೆ: ನಾನು ಅವರಂತಲ್ಲ, ಸದ್ಯ. ಕೇಳಿಕೊಳ್ಳಬೇಕಾದ್ದು ಬೇರೆ. ಆ ಆಲೆಮನೆಯನ್ನು ನಡೆಸಿದ ಆಸೆ ನಮ್ಮ ಮನೆಯ ಹೊಸ್ತಿಲಾಚೆಗೇ ನಿಂತಿದೆಯೇ? ಮೊದಲನೆಯದು ಹೆಣ್ಣಾದಾಗ ಬಾಣಂತಿಯನ್ನು ನೋಡಲು ಬಂದವರು ‘ಇರಲಿ ಬಿಡವ್ವ, ಮುಂದಿನದು ಗಂಡಾಗ್ತದೆ’ ಎಂದು ಸಮಾಧಾನ ಹೇಳುವುದು ನಮ್ಮ ಮನೆಗಳಲ್ಲೂ ಉಂಟು. ಸತ್ತವರ ಮನೆಯಲ್ಲಿ ಹೇಳುವ ಮಾತಿನ ಧಾಟಿ ಅದು. ಹುಟ್ಟಿದ ಮಗುವಿನ ಮುಂದೆ ಹೇಳುತ್ತೇವೆ.

ಮಕ್ಕಳನ್ನು ಬಲಿ ಕೇಳುವ ಶಕ್ತಿಗೆ ಬೈಬಲಿನಲ್ಲಿ ಒಂದು ಹೆಸರಿದೆ, ಮೋಲೆಕ. ಯಾಜಕಕಾಂಡ ಆ ಬಲಿಯನ್ನು ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ಆದರೂ ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯಲ್ಲಿ ಗಂಡು ಹೆಣ್ಣೆನ್ನದೆ ಮಕ್ಕಳನ್ನು ಬೆಂಕಿಗೆ ಕೊಟ್ಟರೆಂದು ಪ್ರವಾದಿ ಯೆರೆಮೀಯ ಗೋಳಿಡುತ್ತಾನೆ. ಆ ಅಧ್ಯಾಯವನ್ನು ಮೊದಲಿಂದ ಓದಿದರೆ ಎದೆ ಝಲ್ಲೆನ್ನುವ ಸಂಗತಿ ಇನ್ನೊಂದಿದೆ. ಯೆರೆಮೀಯ ಮಾತನಾಡುತ್ತಿರುವುದು ದೇವಾಲಯದ ಬಾಗಿಲಲ್ಲಿ ನಿಂತು, ಆರಾಧನೆಗೆ ಬಂದವರ ಜೊತೆ. ಅವರು ದೇವರನ್ನು ಬಿಟ್ಟವರಲ್ಲ. ದೇವಾಲಯಕ್ಕೂ ಬರುತ್ತಿದ್ದರು, ಕಣಿವೆಗೂ ಇಳಿಯುತ್ತಿದ್ದರು.

ವಿಗ್ರಹಾರಾಧನೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರ ಕಣ್ಣು ನೆರೆಯವರ ಗುಡಿಯ ಕಡೆ ಹೊರಳುತ್ತದೆ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಜನ ಹರಿದು ಬರುವ ಸೀಮೆಯಲ್ಲಿ ಬೆರಳೆಣಿಕೆಯ ಕ್ರೈಸ್ತ ಮನೆಗಳವರು ಹಾಗೆ ನೋಡುವುದು ನೆರೆಹೊರೆಗೆ ಮಾಡುವ ಅವಮಾನ. ಅದು ಬೇರೆ ದೇವರುಗಳು ಬೇಡವೆಂಬ ಆಜ್ಞೆಯನ್ನು ತಪ್ಪಾಗಿ ಓದಿದ್ದರ ಗುರುತೂ ಹೌದು. ಮೋಶೆಯ ಮೂಲಕ ಆ ಆಜ್ಞೆ ಬಂದದ್ದು ಈಜಿಪ್ಟಿನವರಿಗಲ್ಲ. ಕೆಂಪು ಸಮುದ್ರ ದಾಟಿ ಬಿಡುಗಡೆಯಾಗಿ ಬಂದವರಿಗೆ. ದೇವರ ಉಪಕಾರವನ್ನು ಕಣ್ಣಾರೆ ಕಂಡವರಿಗೇ ಈ ಎಚ್ಚರಿಕೆ ಬೇಕಾಯಿತು. ತಮ್ಮ ಹೃದಯದೊಳಗೇ ವಿಗ್ರಹಗಳನ್ನು ನಿಲ್ಲಿಸಿಕೊಂಡು ದೇವರ ಸಲಹೆ ಕೇಳಲು ಬಂದ ಹಿರಿಯರ ಬಗ್ಗೆ ಯೆಹೆಜ್ಕೇಲ ಬರೆಯುತ್ತಾನೆ. ಪೌಲನು ಕೊಲೊಸ್ಸೆಯ ಸಭೆಗೆ ಬರೆಯುವಾಗ ಲೋಭವನ್ನೇ ವಿಗ್ರಹಾರಾಧನೆಯ ಸಾಲಿಗೆ ಸೇರಿಸುತ್ತಾನೆ. ಮಾರ್ಟಿನ್ ಲೂಥರ್ 1529ರ ತನ್ನ ದೊಡ್ಡ ಧರ್ಮೋಪದೇಶದಲ್ಲಿ, ಮನುಷ್ಯನ ಹೃದಯ ಯಾವುದನ್ನು ನೆಚ್ಚಿ ನಿಲ್ಲುತ್ತದೋ ಅದೇ ಅವನ ದೇವರು ಎಂಬ ಅರ್ಥದಲ್ಲಿ ಮೊದಲ ಆಜ್ಞೆಯನ್ನು ವಿವರಿಸಿದ. 1992ರ ಕಥೋಲಿಕ ಧರ್ಮೋಪದೇಶವೂ ಅಧಿಕಾರ, ಭೋಗ, ಕುಲ, ಪೂರ್ವಜರು, ಪ್ರಭುತ್ವ, ಹಣ ಇವುಗಳನ್ನು ದೇವರ ಜಾಗದಲ್ಲಿಟ್ಟರೆ ಅದು ವಿಗ್ರಹಾರಾಧನೆಯೇ ಎನ್ನುತ್ತದೆ. ಉಳಿದ ಎಷ್ಟೋ ವಿಷಯಗಳಲ್ಲಿ ಒಪ್ಪದ ಎರಡು ಪರಂಪರೆಗಳು ಇಲ್ಲಿ ಒಂದೇ ಮಾತು ಆಡುತ್ತವೆ.

ಹಾಗಾದರೆ ಗುರುತಿಸುವುದು ಹೇಗೆ? ಪ್ರೀತಿಸುವುದೆಲ್ಲ ವಿಗ್ರಹವಲ್ಲ. ಮಗನನ್ನು ಪ್ರೀತಿಸುವುದು ಪಾಪವಲ್ಲ, ಎರಡು ಎಕರೆ ಗದ್ದೆ ಕೊಳ್ಳುವುದೂ ಅಲ್ಲ. ಬೈಬಲಿನಲ್ಲಿ ಸುಳ್ಳು ದೇವರುಗಳು ಬಂದಲ್ಲೆಲ್ಲ ಒಂದು ಗುಣ ಎದ್ದು ಕಾಣುತ್ತದೆ: ಅವು ಕೇಳುತ್ತವೆ. ಸೀನಾಯಿ ಬೆಟ್ಟದ ಬುಡದಲ್ಲಿ ಆರೋನ ಮೊದಲು ಕೇಳಿದ್ದು ಹೆಂಡಿರು ಮಕ್ಕಳ ಕಿವಿಯ ಚಿನ್ನದ ಮುರುವುಗಳನ್ನು. ಎರಕ ಹೊಯ್ದದ್ದು ಆಮೇಲೆ. ಆ ಕರು ಎದ್ದು ನಿಂತಾಗ ಅವನು ಸಾರಿದ್ದು ಬೇರೆ ದೇವರ ಹಬ್ಬವನ್ನಲ್ಲ, ತಮ್ಮನ್ನು ಬಿಡಿಸಿ ತಂದ ದೇವರ ಹೆಸರಿನ ಹಬ್ಬವನ್ನೇ. ಹೆಸರು ಹಳೆಯದು, ಕೂತಿದ್ದು ಹೊಸದು. ಆದ್ದರಿಂದ ಯಾವ ಹೆಸರು ಜಪಿಸುತ್ತೇವೆ ಎಂದು ನೋಡಿದರೆ ಸಾಲದು. ಯಾವುದಕ್ಕಾಗಿ ಏನನ್ನು ಕೊಡುತ್ತಿದ್ದೇವೆ, ಅದಕ್ಕಿಂತ ಮುಖ್ಯವಾಗಿ, ಯಾರನ್ನು ಕೊಡುತ್ತಿದ್ದೇವೆ ಎಂದು ನೋಡಬೇಕು. ವಿಗ್ರಹಕ್ಕೆ ಬಲಿಯಾಗುವವರು ಹೆಚ್ಚಾಗಿ ಅದನ್ನು ಪೂಜಿಸುವವರಲ್ಲ, ಅವರ ಪಕ್ಕದಲ್ಲಿರುವ ದುರ್ಬಲರು.

ಈ ಅಳತೆಗೋಲನ್ನು ಹಿಡಿದು ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಡೆಗೆ ಬರೋಣ. ಅಲ್ಲಿ ಕೋರಮಂಡಲ್ ಸಕ್ಕರೆ ಕಾರ್ಖಾನೆ ಇದೆ. ಸುತ್ತಲ ಊರುಗಳ ವರ್ಷದ ಲೆಕ್ಕವೆಲ್ಲ ಕಬ್ಬಿನ ಮೇಲೆ ನಿಂತಿದೆ. ನಾಟಿಯಿಂದ ಕಟಾವಿಗೆ ಸುಮಾರು ಒಂದು ವರ್ಷ. ಅಷ್ಟರೊಳಗೆ ಗೊಬ್ಬರ, ಕೂಲಿ, ಮಕ್ಕಳ ಫೀಸು, ಆಸ್ಪತ್ರೆ ಎಲ್ಲಕ್ಕೂ ಸಾಲ. ಕಾರ್ಖಾನೆಯಿಂದ ಕಟಾವಿನ ಪರ್ಮಿಟ್ ಬಂದ ದಿನ ಕಡಿಯಬೇಕು. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ನ್ಯಾಯಸಮ್ಮತ ಬೆಲೆ ಕ್ವಿಂಟಲಿಗೆ 355 ರೂಪಾಯಿ, ಅದೂ ಶೇಕಡ 10.25ರ ಇಳುವರಿಗೆ. ಇಂಥ ಬದುಕಿನಲ್ಲಿ ಹಣದ ಚಿಂತೆ ಮಾಡುವವನನ್ನು ಲೋಭಿ ಎನ್ನುವುದು ಅನ್ಯಾಯ. ನಾಳಿನ ಊಟದ ಚಿಂತೆ ಬೇರೆ, ಹಣದ ಪೂಜೆ ಬೇರೆ. ಇದನ್ನು ಬೇರ್ಪಡಿಸದ ಪ್ರಸಂಗ ಬಡವನ ಬೆನ್ನಿಗೆ ಇನ್ನೊಂದು ಹೊರೆ ಹೊರಿಸುತ್ತದೆ ಅಷ್ಟೆ.

ವಿಗ್ರಹ ಕೂತಿರುವುದು ಚಿಂತೆಯಲ್ಲಲ್ಲ, ಮರ್ಯಾದೆಯಲ್ಲಿ. ಈ ಸೀಮೆಯಲ್ಲಿ ಮನುಷ್ಯನ ಬೆಲೆಯನ್ನು ಎಕರೆ ಗುಂಟೆಗಳಲ್ಲಿ ಅಳೆಯುತ್ತೇವೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣದ ಕಡೆ ಗುಂಟೆಯ ಮಾತು ಇನ್ನೂ ಜೋರಾಗಿದೆ. ಜಮೀನು ಉಳಿಯಬೇಕಾದರೆ ವಾರಸುದಾರ ಬೇಕು, ವಾರಸುದಾರ ಎಂದರೆ ಗಂಡು ಎಂಬ ಎಣಿಕೆ. ಆಲೆಮನೆಯ ಆ ಯಂತ್ರದ ಹಿಂದೆ ಈ ಲೆಕ್ಕವೂ ಇತ್ತು. 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 948 ಹೆಣ್ಣು. ಲಿಂಗ ಪತ್ತೆ ಅಪರಾಧವೆಂದು 1994ರಲ್ಲೇ ಕಾನೂನು ಬಂದಿದ್ದರೂ ಆಸೆ ಕಾನೂನಿಗಿಂತ ಮುಂದೆ ಓಡಿತು.

ಹುಟ್ಟಲು ಬಿಟ್ಟ ಹೆಣ್ಣುಮಕ್ಕಳಿಂದಲೂ ಈ ವಿಗ್ರಹ ತನ್ನ ಪಾಲು ಕೇಳುತ್ತದೆ. ತಂದೆ ತೀರಿಕೊಂಡ ವರ್ಷ ಎರಡು ವರ್ಷಕ್ಕೆ ಅಕ್ಕತಂಗಿಯರನ್ನು ಕಾರಿನಲ್ಲಿ ಕರೆತಂದು, ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಟೈಪಿಸ್ಟನ ಮೇಜಿನ ಬಳಿ ನಿಲ್ಲಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತೇವೆ. ಒಂದು ಸೀರೆ, ಹೋಟೆಲಿನಲ್ಲಿ ಊಟ, ಬಸ್ಸಿಗೆ ಹತ್ತಿಸಿ ವಾಪಸು. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆಂದು ಅವಳಿಗೆ ಗೊತ್ತು. ಮನಸಾರೆ ಬಿಟ್ಟುಕೊಡುವವರೂ ಇದ್ದಾರೆ. ಎಷ್ಟು ಜನ ಮನಸಾರೆ, ಎಷ್ಟು ಜನ ಹೆದರಿ ಎಂಬುದನ್ನು ಅಣ್ಣತಮ್ಮಂದಿರು ಕೇಳುವುದಿಲ್ಲ. ಕ್ರೈಸ್ತರಿಗೆ ಅನ್ವಯವಾಗುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಕೇರಳದ ಮೇರಿ ರಾಯ್ ತಮ್ಮ ಪಾಲಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಹಳೆಯ ತಿರುವಾಂಕೂರಿನ ಕ್ರೈಸ್ತರಿಗೂ ಇದೇ ಕಾಯ್ದೆ ಎಂಬುದು ಸ್ಥಿರವಾಯಿತು.

ಗಂಡುಮಕ್ಕಳಿಲ್ಲದ ಮನೆಯ ಮಟ್ಟಿಗಾದರೂ ಹೆಣ್ಣುಮಕ್ಕಳಿಗೆ ಜಮೀನಿನ ಹಕ್ಕುಂಟೆಂದು ಕಾನೂನಿಗೂ ಮೊದಲು ಬೈಬಲೇ ಹೇಳಿತ್ತು. ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ಚಲ್ಪಹಾದನೆಂಬುವನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಮೂಹದ ಮುಂದೆ ನಿಂತು ಕೇಳುತ್ತಾರೆ: ಗಂಡುಮಕ್ಕಳಿಲ್ಲವೆಂದು ನಮ್ಮಪ್ಪನ ಹೆಸರು ಯಾಕೆ ಅಳಿಯಬೇಕು, ನಮಗೂ ಜಮೀನು ಕೊಡಿ. ಉತ್ತರ ತೋಚದೆ ಮೋಶೆ ದೇವರನ್ನು ಕೇಳುತ್ತಾನೆ. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯ ಎಂಬ ಉತ್ತರ ಬರುತ್ತದೆ. ಐವರ ಹೆಸರನ್ನೂ ಗ್ರಂಥ ಬಿಡಿಬಿಡಿಯಾಗಿ ಬರೆದಿಟ್ಟಿದೆ. ನಮ್ಮ ಪ್ರಸಂಗಗಳಲ್ಲಿ ಈ ಭಾಗ ಇಷ್ಟು ಅಪರೂಪವಾಗಿರುವುದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಜಮೀನು ಕೆಟ್ಟದ್ದೆಂದು ಇದರರ್ಥವಲ್ಲ. ಈ ಸೀಮೆಯ ಕ್ರೈಸ್ತರ ಚರಿತ್ರೆಯೇ ಅದಕ್ಕೆ ಸಾಕ್ಷಿ. 1648ರ ಸುಮಾರಿಗೆ ಇಟಲಿಯ ಜೆಸ್ವಿತ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದರು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಇದೇ ಶ್ರೀರಂಗಪಟ್ಟಣಕ್ಕೆ ತರಲಾಯಿತು. 1799ರಲ್ಲಿ ಕೋಟೆ ಬಿದ್ದ ಮೇಲೆ ಉಳಿದವರನ್ನು ಹುಡುಕಿ ಒಟ್ಟುಗೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದುಬಾಯ್. ಗಂಜಾಮಿನ ಹಳೆಯ ಚರ್ಚು ಇವತ್ತಿಗೂ ಅವರ ಹೆಸರಿನಿಂದಲೇ ಪರಿಚಿತ. ಅವರ ಕೈಗೆ ಬಂದ ಆ ಜನಕ್ಕೆ ಹೊಲವಿರಲಿಲ್ಲ, ಮನೆಯಿರಲಿಲ್ಲ, ಕೆಲವರಿಗೆ ಹಳೆಯ ಹೆಸರೂ ಉಳಿದಿರಲಿಲ್ಲ. ದುಬಾಯ್ ಅವರಿಗೆ ಬರೀ ಜಪ ಹೇಳಿಕೊಡಲಿಲ್ಲ. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿದರು, ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. ಜಮೀನು ಅವರಿಗೆ ದೇವರ ಕೈಯಿಂದ ಬಂದ ಕೊಡುಗೆಯಾಗಿತ್ತು.

ಕೊಡುಗೆಯೇ ವಿಗ್ರಹವಾಗುತ್ತದೆ ಎಂಬುದನ್ನು ಬೈಬಲು ಕಂಚಿನ ಸರ್ಪದ ಕಥೆಯಲ್ಲಿ ಹೇಳುತ್ತದೆ. ಅರಣ್ಯದಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ದೇವರ ಅಪ್ಪಣೆಯಂತೆ ಮೋಶೆ ಅದನ್ನು ಮಾಡಿಸಿದ. ಯೇಸು ತನ್ನ ಶಿಲುಬೆಯನ್ನು ಹೋಲಿಸಿಕೊಂಡದ್ದೂ ಅದಕ್ಕೇ. ನೂರಾರು ವರ್ಷ ಕಳೆದ ಮೇಲೆ ಜನ ಅದಕ್ಕೇ ಧೂಪ ಹಾಕತೊಡಗಿದರು. ಅರಸ ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿದ. ಅಜ್ಜನ ಕಾಲದಲ್ಲಿ ಪ್ರಾಣ ಉಳಿಸಿದ್ದನ್ನು ಮೊಮ್ಮಗನ ಕಾಲದಲ್ಲಿ ಒಡೆಯಬೇಕಾಗಿ ಬರುವುದು ಎಷ್ಟು ಕಷ್ಟ! ಆ ಚೂರುಗಳನ್ನು ಕಂಡು ಅತ್ತವರೂ ಇದ್ದಿರಬೇಕು.

ಇಲ್ಲಿ ಪ್ರತಿಮೆಗಳ ಮಾತನ್ನೂ ಆಡಿಬಿಡುವುದು ಒಳ್ಳೆಯದು, ಏಕೆಂದರೆ ಪ್ರಾಟೆಸ್ಟೆಂಟ್ ಬಂಧುಗಳು ಕಥೋಲಿಕರನ್ನು ಕೇಳುವ ಮೊದಲ ಪ್ರಶ್ನೆಯೇ ಅದು. ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ರೈತನೊಬ್ಬ ಹೊಲ ಉಳುವಾಗ ಸಂತ ಅಂತೋಣಿಯವರ ಪ್ರತಿಮೆ ಸಿಕ್ಕಿತೆಂಬ ನಂಬಿಕೆ ಇದೆ. ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿ ಧರ್ಮದವರೂ ಅಲ್ಲಿಗೆ ಬರುತ್ತಾರೆ. 787ರ ಎರಡನೇ ನೈಸಿಯಾ ಮಹಾಸಭೆ, ಪ್ರತಿಮೆಗೆ ಸಲ್ಲಿಸುವ ಗೌರವ ಅದು ಯಾರನ್ನು ತೋರಿಸುತ್ತದೋ ಅವರಿಗೆ ಸಲ್ಲುತ್ತದೆ, ಆರಾಧನೆ ದೇವರೊಬ್ಬನಿಗೇ ಎಂದು ಗೆರೆ ಎಳೆದಿದೆ. ಆ ಗೆರೆ ಸರಿ ಎಂದೇ ನನ್ನ ನಂಬಿಕೆ. ಆದರೆ ಅಪಾಯ ಮರದ ಪ್ರತಿಮೆಯಲ್ಲಿ ಇಲ್ಲದಿದ್ದರೂ ಹರಕೆಯ ಚೀಟಿಯಲ್ಲಿ ಇರಬಹುದು. ಮಗನಿಗೆ ಕೆಲಸ ಸಿಕ್ಕರೆ ಇಷ್ಟು ಮೇಣದಬತ್ತಿ, ಸಿಗದಿದ್ದರೆ ಬೇರೆ ಪುಣ್ಯಕ್ಷೇತ್ರ ಎನ್ನುವಾಗ ಬಾಗಿರುವುದು ಮಂಡಿ ಮಾತ್ರ. ಅಲ್ಲಿ ಆರಾಧನೆ ಸಲ್ಲುತ್ತಿರುವುದು ಕೆಲಸಕ್ಕೆ. ಸಂತರು, ಅವರ ಹಿಂದಿರುವ ದೇವರು, ಇಬ್ಬರೂ ಅದನ್ನು ತಂದುಕೊಡುವ ಆಳುಗಳು. ಪ್ರತಿಮೆಯೇ ಇಲ್ಲದ ಪ್ರಾರ್ಥನಾ ಕೂಟಗಳಲ್ಲೂ ಇದೇ ವ್ಯಾಪಾರ ಬೇರೆ ಭಾಷೆಯಲ್ಲಿ ನಡೆಯುತ್ತದೆ. ಕಾಣಿಕೆ ಬಿತ್ತಿದರೆ ನೂರ್ಮಡಿ ಬೆಳೆ, ಅಭಿಷೇಕದ ಎಣ್ಣೆ ಹಚ್ಚಿದರೆ ಸಾಲ ತೀರುತ್ತದೆ ಎಂದು ಯೂಟ್ಯೂಬಿನಲ್ಲಿ ಸಾರುವವರ ಮಾತು ನಂಬಿ ಮೈಕ್ರೋಫೈನಾನ್ಸ್ ಕಂತಿನ ಹಣವನ್ನೇ ಕಾಣಿಕೆಗೆ ಹಾಕುವ ತಾಯಂದಿರಿದ್ದಾರೆ. ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಯೇಸು ಆಡಿದಷ್ಟು ಕಟುವಾದ ಮಾತನ್ನು ಆತ ವೇಶ್ಯೆಯರ ಬಗ್ಗೆ ಆಡಲಿಲ್ಲ, ಸುಂಕದವರ ಬಗ್ಗೆಯೂ ಆಡಲಿಲ್ಲ.

ಜಾತಿಯ ವಿಷಯದಲ್ಲಿ ಇಷ್ಟೂ ನಯವಾಗಿ ಹೇಳಬೇಕಾಗಿಲ್ಲ. ಒಂದೇ ಪಾತ್ರೆಯಿಂದ ಪರಮಪ್ರಸಾದ ಪಡೆದು ಬಂದು, ಮಗಳ ಸಂಬಂಧ ಕುದುರಿಸುವಾಗ ಅಜ್ಜನ ಅಜ್ಜ ಯಾವ ಕೇರಿಯಿಂದ ಬಂದವನೆಂದು ವಿಚಾರಿಸುವುದು ಕ್ರಿಸ್ತನ ದೇಹವನ್ನೇ ಹೋಳು ಮಾಡುವ ಕೆಲಸ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತ ಸಬಲೀಕರಣ ನೀತಿಯನ್ನು ಹೊರತಂದು ಸಭೆಯೊಳಗಿನ ತಾರತಮ್ಯವನ್ನು ಒಪ್ಪಿಕೊಂಡಿತು. ಮದುವೆ ಮಾತುಕತೆಯ ಚಾವಡಿಗೆ ಆ ಕಾಗದ ಇನ್ನೂ ತಲುಪಿಲ್ಲ. ಭಾಷೆಯೂ ಹೀಗೆಯೇ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ಕನ್ನಡಕ್ಕೆ ಬಂದದ್ದು ನಮಗೆ ಸಿಕ್ಕ ದೊಡ್ಡ ಕೊಡುಗೆ, ಅದಕ್ಕಾಗಿ ದುಡಿದವರ ಋಣ ನಮ್ಮ ಮೇಲಿದೆ. ಆದರೆ ಭಾಷೆಯ ಹೆಸರಿನಲ್ಲೇ ಬೆಂಗಳೂರಿನ ಧರ್ಮಕ್ಷೇತ್ರದಲ್ಲಿ ದಶಕಗಳ ಕಾಲ ನಡೆದ ಜಗಳದಲ್ಲಿ ಸಹೋದರರು ಸಹೋದರರಿಗೆ ಬೆನ್ನು ತಿರುಗಿಸಿದರು. ಕನ್ನಡವನ್ನು ತಾಯಿಯಂತೆ ಪ್ರೀತಿಸುವವನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಮೊಬೈಲಿನ ಬಗ್ಗೆ ಎಲ್ಲ ಪ್ರಸಂಗಗಳಲ್ಲೂ ಸಾಕಷ್ಟು ಕೇಳಿದ್ದೇವೆ. ಅದರೊಳಗಿನ ಜೂಜು ಮಾತ್ರ ಈ ಸಾಲಿಗೆ ಸರಿಯಾಗಿ ಸೇರುತ್ತದೆ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸುವ ಹೊತ್ತಿಗೆ ಆ ಜೂಜು ಎಷ್ಟೋ ಮನೆಗಳ ತಾಳಿಯನ್ನು ಗಿರವಿ ಅಂಗಡಿಗೆ ಕಳುಹಿಸಿಯಾಗಿತ್ತು.

ಇವುಗಳಿಂದ ಬಿಡಿಸಿಕೊಳ್ಳುವುದು ಹೇಗೆ ಎಂದು ಕೇಳಿದರೆ, ಸಂಕಲ್ಪ ಗಟ್ಟಿ ಮಾಡಿಕೊಳ್ಳಿ ಎಂಬ ಉತ್ತರ ಸುಲಭ. ಅದು ಕೆಲಸ ಮಾಡುವುದಿಲ್ಲ. ಹತ್ತೊಂಬತ್ತನೇ ಶತಮಾನದ ಸ್ಕಾಟ್ಲೆಂಡಿನ ಪ್ರಸಂಗಕಾರ ಥಾಮಸ್ ಚಾಮರ್ಸ್ ಇದನ್ನು ಚೆನ್ನಾಗಿ ಕಂಡುಕೊಂಡಿದ್ದ: ಹೃದಯ ಖಾಲಿಯಾಗಿ ಇರಲಾರದು, ಹಳೆಯ ಪ್ರೀತಿಯನ್ನು ಹೊರಹಾಕುವುದು ಅದಕ್ಕಿಂತ ದೊಡ್ಡದೊಂದು ಪ್ರೀತಿ ಮಾತ್ರ. ಲೂಕನ ಶುಭಸಂದೇಶದ ಜಕ್ಕಾಯನನ್ನು ನೋಡಿ. ಸುಂಕದ ಹಣ ಬಿಡು ಎಂದು ಯೇಸು ಅವನಿಗೆ ಹೇಳಿದ ದಾಖಲೆಯೇ ಇಲ್ಲ. ನಿನ್ನ ಮನೆಗೆ ಬರುತ್ತೇನೆ ಎಂದ, ಅಷ್ಟೆ. ಊರೆಲ್ಲ ಉಗಿಯುತ್ತಿದ್ದ ಮನುಷ್ಯನ ಮನೆಗೆ ಅತಿಥಿಯಾಗಿ ಬಂದ. ಆಮೇಲೆ ಜಕ್ಕಾಯ ತಾನಾಗಿ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ಎಂದು ಲೆಕ್ಕ ಹೇಳಿದ. ಸಂತೋಷ ಮೊದಲು ಬಂತು, ಹಣ ಆಮೇಲೆ ಬಿದ್ದುಹೋಯಿತು. ಆದರೆ ಆ ಸಂತೋಷ ಭಾವನೆಯಾಗಿಯೇ ಉಳಿಯಲಿಲ್ಲ ಎಂಬುದನ್ನೂ ನೋಡಬೇಕು. ಯಾರಿಗೆ ಎಷ್ಟು ಎಂಬ ಲೆಕ್ಕಕ್ಕೆ ಇಳಿಯಿತು.

ಮಗನ ವಿಷಯದಲ್ಲಿ ಹನ್ನಳ ಕಥೆಯನ್ನು ಮತ್ತೆ ಮತ್ತೆ ಓದಬೇಕು. ಮಕ್ಕಳಿಲ್ಲದ್ದಕ್ಕೆ ಸವತಿಯ ಚುಚ್ಚುಮಾತು ಕೇಳಿ ಊಟ ಬಿಟ್ಟು ಅತ್ತವಳು ಅವಳು. ಗಂಡುಮಗುವನ್ನೇ ಬೇಡಿದಳು. ದೇವರು ಕೊಟ್ಟ. ಹಾಲು ಬಿಡಿಸಿದ ಮೇಲೆ ಅದೇ ಮಗುವನ್ನು ದೇವಾಲಯಕ್ಕೆ ಕರೆದೊಯ್ದು ಒಪ್ಪಿಸಿ ಬಂದಳು. ಬಲಿಯಾಗಿ ಅಲ್ಲ, ಸೇವೆಗೆ. ಆ ಹುಡುಗ ಸಮುವೇಲನಾಗಿ ಬೆಳೆದ. ಮೋಲೆಕನಿಗೆ ಕೊಟ್ಟ ಮಕ್ಕಳು ಸತ್ತರು, ದೇವರಿಗೆ ಕೊಟ್ಟ ಮಗು ಬಾಳಿತು. ಅವಳು ಬಿಟ್ಟುಕೊಟ್ಟದ್ದು, ಮಗನಿಂದಲೇ ತನಗೆ ಬೆಲೆ ಎಂಬ ಎಣಿಕೆಯನ್ನು.

ನಮ್ಮ ಧರ್ಮಕೇಂದ್ರಗಳಲ್ಲಿ ಇದನ್ನು ಕೆಲಸಕ್ಕೆ ಇಳಿಸುವುದು ಅಸಾಧ್ಯವೇನಲ್ಲ. ಪರ್ಮಿಟ್ ಬಂದಾಗ ಭಾನುವಾರವೂ ಕಡಿಯಬೇಕಾದ ಸಣ್ಣ ರೈತನನ್ನು ಯಾರೂ ಗದರಿಸಬಾರದು. ಆದರೆ ನಾಲ್ಕೈದು ಎಕರೆಯವರು, ಹೊರಜಿಲ್ಲೆಗಳಿಂದ ಬಂದು ಟಾರ್ಪಾಲಿನ ಗುಡಾರಗಳಲ್ಲಿರುವ ಕಟಾವಿನ ಗ್ಯಾಂಗಿನವರಿಗೆ ವಾರಕ್ಕೊಂದು ದಿನ ಕೂಲಿ ಸಹಿತ ಬಿಡುವು ಕೊಡಬಹುದು. ಸಬ್ಬತ್ತಿನ ಆಜ್ಞೆಯಲ್ಲಿ ಆಳಿನ, ದಾಸಿಯ, ಎತ್ತಿನ ಹೆಸರೂ ಇದೆ ಎಂಬುದು ನೆನಪಿರಲಿ. ಆ ಗುಡಾರಗಳ ಮಕ್ಕಳು ಕಟಾವಿನ ತಿಂಗಳುಗಳಲ್ಲಿ ಶಾಲೆ ಬಿಟ್ಟಿರುತ್ತಾರೆ. ಅವರನ್ನು ಹತ್ತಿರದ ಶಾಲೆಗೆ ಸೇರಿಸುವುದನ್ನು ಯುವಕರ ಸಂಘ ಹೊರಬಹುದು. ಮದುವೆಗೆ ಮುಂಚಿನ ತರಬೇತಿಯಲ್ಲಿ ಗುರುಗಳು ವರನ ತಂದೆತಾಯಿಯನ್ನೂ ಕೂರಿಸಿಕೊಂಡು, ಎರಡೂ ಹೆಣ್ಣಾದರೆ ಏನು ಮಾಡುತ್ತೀರಿ ಎಂದು ನೇರವಾಗಿ ಕೇಳಬಹುದು. ಉತ್ತರ ತಡವಾದರೆ ಮಾತು ಅಲ್ಲಿಂದಲೇ ಶುರುವಾಗಲಿ.

ಇನ್ನೊಂದು ಮಾತು, ಇದನ್ನು ಓದುತ್ತಿರುವ ತಾಯಂದಿರಿಗೆ. ಅತ್ತೆ ಮಾವ ಗಂಡ ಒತ್ತಾಯ ಮಾಡಿ ಹಿಂದೆ ಯಾವಾಗಲೋ ಗರ್ಭಪಾತದ ದಾರಿಗೆ ನಿಮ್ಮನ್ನು ತಳ್ಳಿದ್ದರೆ, ಅದನ್ನು ಇಷ್ಟು ವರ್ಷ ಒಬ್ಬರೇ ಹೊತ್ತಿದ್ದರೆ, ಪಾಪನಿವೇದನೆಯ ಬಾಗಿಲು ನಿಮಗೆ ತೆರೆದಿದೆ. ಮೊದಲು ಈ ಪಾಪಕ್ಕೆ ಕ್ಷಮಾಪಣೆ ಕೊಡುವ ಅಧಿಕಾರ ಸಾಮಾನ್ಯವಾಗಿ ಧರ್ಮಾಧ್ಯಕ್ಷರಿಗೆ ಮೀಸಲಿತ್ತು. 2016ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಎಲ್ಲ ಗುರುಗಳಿಗೂ ಶಾಶ್ವತವಾಗಿ ಕೊಟ್ಟರು. ನಿಮ್ಮ ಊರಿನ ಗುರುಗಳ ಬಳಿ ಹೇಳಲು ಸಂಕೋಚವಾದರೆ ಮೈಸೂರಿಗೋ ಡೋರ್ನಹಳ್ಳಿಗೋ ಹೋಗಿ, ಗುರುತಿಲ್ಲದ ಗುರುಗಳ ಬಳಿ ಹೇಳಿಕೊಳ್ಳಿ. ನಿಮ್ಮನ್ನು ಅಲ್ಲಿಗೆ ತಳ್ಳಿದ ಗಂಡಸರೂ ಅದೇ ಸಾಲಿನಲ್ಲಿ ನಿಲ್ಲಬೇಕಾದವರು. ಈ ಪಾಪದ ಬಗ್ಗೆ ಮಾತನಾಡುವಾಗೆಲ್ಲ ನಮ್ಮ ಸಭೆ ಹೆಂಗಸರ ಕಡೆಗಷ್ಟೇ ತಿರುಗಿದ್ದು ಸಾಕು.

ಗಂಡಸರಿಂದ ಕೇಳುವುದು ಇನ್ನೂ ಒಂದಿದೆ. ಮನೆಯಲ್ಲಿ ವಿಭಾಗಪತ್ರದ ಮಾತು ಎದ್ದಾಗ, ಅಕ್ಕತಂಗಿಯರಿಗೆ ಮೊದಲು ಫೋನು ಮಾಡಿ, ಕಾನೂನಿನಂತೆ ಅವರ ಪಾಲು ಎಷ್ಟು ಗುಂಟೆ ಎಂದು ಲೆಕ್ಕ ಹಾಕಿ ಹೇಳಿ. ಬೇಡ ಎಂದರೆ ಒಂದು ತಿಂಗಳು ಬಿಟ್ಟು, ಸೀರೆಯಿಲ್ಲದೆ, ಊಟದ ಆಸೆ ತೋರಿಸದೆ ಮತ್ತೊಮ್ಮೆ ಕೇಳಿ. ಬೇಕು ಎಂದರೆ ಸರ್ವೆಯವರನ್ನು ಕರೆಸಿ ಕಲ್ಲು ನೆಡಿಸಿ, ಖಾತೆ ಅವರ ಹೆಸರಿಗೆ ಮಾಡಿಸಿಕೊಡಿ. ಆ ಮೇಲೂ ತವರಿನ ಹಬ್ಬಕ್ಕೆ ಅವರನ್ನು ಮೊದಲಿನಂತೆಯೇ ಕರೆಯಿರಿ.